ಮನೆ ನ್ಯಾಸ್‌ಗೆ ಯಾವ ಫೈಲ್‌ಸಿಸ್ಟಮ್ ಹಾಕ್ಲಿ? ಹಳೇ ಫೋಟೋ ಅರ್ಧ ಬೂದು ಆಗಿದೆ, ಬ್ಯಾಕಪ್‌ನಲ್ಲೂ ಹಾಗೇ ಇದೆ

ಹಿನ್ನೀರು_ದಡ, ಸಾಗರ ತಾಲ್ಲೂಕು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ದು ಮುಳುಗಡೆ ಕುಟುಂಬ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆದಾಗ ಅಜ್ಜನ ಮನೆ ತೋಟ ಗದ್ದೆ ಎಲ್ಲಾ ನೀರಿನಡಿ ಹೋಯ್ತು, ಉಳಿದಿದ್ದು ಒಂದು ಟ್ರಂಕಲ್ಲಿದ್ದ 41 ಕಪ್ಪು ಬಿಳುಪು ಫೋಟೋ. ಅವನ್ನ 2016ರಲ್ಲಿ ಶಿವಮೊಗ್ಗದಲ್ಲಿ ಸ್ಕ್ಯಾನ್ ಮಾಡಿಸಿ ಇಟ್ಕೊಂಡಿದ್ದೆ. 2021ರಲ್ಲಿ ಹಳೇ ಡಿಸ್ಕ್ ತುಂಬ್ತು ಅಂತ ಹೊಸ 4 ಟಿಬಿ ಡಿಸ್ಕ್ ತಂದು ಎಲ್ಲಾ ಅದಕ್ಕೆ ಕಾಪಿ ಮಾಡಿದೆ, ಅದರಿಂದ ಇನ್ನೊಂದು ಯುಎಸ್‌ಬಿ ಡಿಸ್ಕಿಗೆ ಬ್ಯಾಕಪ್ ತೆಗೆದೆ, ಹಳೇದನ್ನ ಫಾರ್ಮ್ಯಾಟ್ ಮಾಡಿ ತೋಟದ ಕ್ಯಾಮೆರಾಗೆ ಹಾಕ್ಬಿಟ್ಟೆ.

ಹೋದ ವಾರ ಅತ್ತೆ ಮನೇಲಿ ಒಂದು ಕಾರ್ಯ ಇತ್ತು, ಹಳೇ ಮನೆ ಫೋಟೋ ದೊಡ್ಡದು ಮಾಡ್ಸಿ ಕೊಡು ಅಂದ್ರು. ತೆಗೆದು ನೋಡ್ತೀನಿ, ಮೇಲ್ಗಡೆ ಮಾಡು ಕಾಣತ್ತೆ, ಕಂಬದ ಅರ್ಧ ಕಾಣತ್ತೆ, ಅಲ್ಲಿಂದ ಕೆಳಗೆ ಬರೀ ಬೂದು ಬಣ್ಣ. ಅಂಗಳದಲ್ಲಿ ಅಜ್ಜ ಅಜ್ಜಿ ದೊಡ್ಡಪ್ಪ ಎಲ್ಲಾ ಸಾಲಾಗಿ ನಿಂತಿದ್ದ ಫೋಟೋ ಅದು, ಒಬ್ರೂ ಇಲ್ಲ. ಯುಎಸ್‌ಬಿ ಡಿಸ್ಕ್ ಹಾಕಿ ನೋಡಿದ್ರೆ ಅದ್ರಲ್ಲೂ ಅದೇ. ಫೈಲ್ ಸೈಜ್ ಸರಿ ಇದೆ, ತಾರೀಖು ಸರಿ ಇದೆ, ಕಂಪ್ಯೂಟರ್ ಒಂದು ದಿನಾನೂ ಎರರ್ ಅಂತ ಹೇಳಿಲ್ಲ. ನಾಲ್ಕು ವರ್ಷದಿಂದ ಬ್ಯಾಕಪ್ ಇದೆ ಅಂತ ನೆಮ್ಮದಿಯಾಗಿದ್ದೆ.

ಈಗ ಸರಿಯಾಗಿ ಒಂದು ನ್ಯಾಸ್ (ಮನೆ ನೆಟ್‌ವರ್ಕ್‌ನಲ್ಲಿ ಎಲ್ಲರ ಫೈಲ್ ಇಡೋ ಕಂಪ್ಯೂಟರ್) ಮಾಡ್ಬೇಕು ಅಂತಿದೀನಿ. ಇರೋದು ಒಂದು ಹಳೇ ಆಫೀಸ್ ಡೆಸ್ಕ್‌ಟಾಪ್, 8 ಜಿಬಿ ರ‍್ಯಾಮ್. 4 ಟಿಬಿದು ಎರಡು ಡಿಸ್ಕ್ ಹಾಕ್ತೀನಿ. ಡೇಟಾ 1.3 ಟಿಬಿ, ಫೋಟೋ ವಿಡಿಯೋ, ಅಪ್ಪ ರೆಕಾರ್ಡ್ ಮಾಡಿದ ತಾಳಮದ್ದಳೆ ಆಡಿಯೋ. ಡಿಸ್ಕಿನಲ್ಲಿ ಫೈಲ್ ಜೋಡಿಸಿಡೋ ಫೈಲ್‌ಸಿಸ್ಟಮ್ ಯಾವುದು, ಇಎಕ್ಸ್‌ಟಿ4 ಹಾಕ್ಲಾ, ಬಿಟಿಆರ್‌ಎಫ್‌ಎಸ್ ಹಾಕ್ಲಾ, ಝಡ್‌ಎಫ್‌ಎಸ್ ಹಾಕ್ಲಾ? ಕರೆಂಟು ನಮ್ಮಲ್ಲಿ ಹೇಗೆ ಅಂತ ಮಲೆನಾಡಿನವರಿಗೆ ಹೇಳ್ಬೇಕಾಗಿಲ್ಲ.

ಹಳೇ_ಹೆಂಚು, ಭದ್ರಾವತಿ

ಓದಿ ಬೇಜಾರಾಯ್ತು. ಮೊದಲು ಒಂದು ಕೆಲಸ ಮಾಡಿ, ಆ ಎರಡೂ ಡಿಸ್ಕಿಗೆ ಇನ್ನೇನೂ ಬರೀಬೇಡಿ, ಹಾಗೇ ತೆಗೆದಿಡಿ.

ನಾನು 2009ರಿಂದ ಇಎಕ್ಸ್‌ಟಿ4 ಬಳಸ್ತಾ ಇದೀನಿ, ಕೆಲಸದಲ್ಲೂ ಮನೇಲೂ. 2008ರಲ್ಲಿ ಲಿನಕ್ಸ್ 2.6.28ರಲ್ಲಿ ಸ್ಟೇಬಲ್ ಆಯ್ತು, ಅಲ್ಲಿಂದ ಇಲ್ಲಿವರೆಗೆ ನನಗೆ ಒಂದೇ ಒಂದು ಸಲಾನೂ ಕೈ ಕೊಟ್ಟಿಲ್ಲ. ಕರೆಂಟ್ ಹೋದ್ರೆ ಜರ್ನಲ್ (ಮಾಡ್ಬೇಕಾದ ಬದಲಾವಣೆ ಮೊದಲೇ ಬರೆದಿಡೋ ಪಟ್ಟಿ) ಓದ್ಕೊಂಡು ಎರಡು ನಿಮಿಷದಲ್ಲಿ ಎದ್ದು ನಿಲ್ಲತ್ತೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತಪಾಸಣೆ ಮಾಡಿ ತಿದ್ದೋ ಎಫ್‌ಎಸ್‌ಸಿಕೆ ಇದೆ, ಯಾವ ಹಳೇ ಕಂಪ್ಯೂಟರಿಗೆ ಸಿಕ್ಕಿಸಿದ್ರೂ ಡಿಸ್ಕ್ ತೆರೆಯತ್ತೆ. ಮನೆಗೆ ಬೇಕಾಗಿರೋದು ಇಷ್ಟೇ. ಎರಡು ಡಿಸ್ಕಿಗೆ ಎಂಡಿ ರೇಡ್ 1 (ಲಿನಕ್ಸೇ ಎರಡರಲ್ಲೂ ಒಂದೇ ಪ್ರತಿ ಇಡೋದು) ಮಾಡಿ ಮೇಲೆ ಇಎಕ್ಸ್‌ಟಿ4 ಹಾಕಿ, ಮುಗೀತು.

ತುಂಗಾ_ಸೇತುವೆ, ಶಿವಮೊಗ್ಗ

ಹಳೇ ಹೆಂಚು ಸರ್, ನಿಮ್ಮ ಅನುಭವಕ್ಕೆ ಗೌರವ ಇದೆ, ಆದ್ರೆ ಇವರ ಸಮಸ್ಯೆಗೆ ಅದು ಉತ್ತರ ಆಗಲ್ಲ. ಇವರ ಡಿಸ್ಕ್ ಸತ್ತಿಲ್ಲ. ಫೈಲ್ ಒಳಗಿನ ಬಿಟ್ ಬದಲಾಗಿದೆ, ಅದನ್ನ ಯಾರೂ ಹೇಳಿಲ್ಲ. ಇಎಕ್ಸ್‌ಟಿ4ನ ಜರ್ನಲ್ ಕಾಯೋದು ಡೈರೆಕ್ಟರಿ, ಐನೋಡ್ ಇಂಥ ಲೆಕ್ಕಪತ್ರಾನ. ಚೆಕ್‌ಸಮ್ (ಡೇಟಾ ಬದಲಾಗಿದೆಯಾ ಅಂತ ತಾಳೆ ನೋಡೋ ಸಣ್ಣ ಅಂಕಿ) ಬಂದಿದ್ದೂ 2012ರಲ್ಲಿ ಆ ಲೆಕ್ಕಪತ್ರಕ್ಕೆ ಮಾತ್ರ. ನಿಮ್ಮ ಫೋಟೋ ಒಳಗಿರೋ ಡೇಟಾಕ್ಕೆ ಚೆಕ್‌ಸಮ್ ಇಲ್ಲ. ಎಂಡಿ ರೇಡ್ 1ರಲ್ಲಿ ಎರಡು ಪ್ರತಿ ಬೇರೆ ಬೇರೆ ಆಯ್ತು ಅಂದ್ಕೊಳ್ಳಿ, ಯಾವುದು ಸರಿ ಅಂತ ಅದಕ್ಕೆ ಗೊತ್ತಾಗೋಕೆ ದಾರೀನೇ ಇಲ್ಲ.

ಝಡ್‌ಎಫ್‌ಎಸ್‌ನಲ್ಲಿ ಪ್ರತಿ ಬ್ಲಾಕಿಗೂ ಚೆಕ್‌ಸಮ್, ಅದೂ ಆ ಬ್ಲಾಕ್ ಪಕ್ಕದಲ್ಲಿ ಇರಲ್ಲ, ಅದನ್ನ ತೋರಿಸೋ ಮೇಲಿನ ಬ್ಲಾಕಿನಲ್ಲಿ ಇರತ್ತೆ. ಓದುವಾಗ ತಾಳೆ ಆಗ್ಲಿಲ್ಲ ಅಂದ್ರೆ ಇನ್ನೊಂದು ಡಿಸ್ಕಿನ ಪ್ರತಿ ನೋಡತ್ತೆ, ಅದು ಸರಿ ಇದ್ರೆ ನಿಮಗೆ ಅದನ್ನ ಕೊಟ್ಟು ಕೆಟ್ಟಿದ್ದನ್ನೂ ತಿದ್ದಿ ಬರೆಯತ್ತೆ. ಸ್ಕ್ರಬ್ ಅಂತ ಕೊಟ್ರೆ ಕೂತು ಇರೋ ಡೇಟಾ ಎಲ್ಲಾ ಹೀಗೆ ಓದಿ ನೋಡತ್ತೆ.

ಜೆಪೆಗ್‌ನಲ್ಲಿ ಒಂದು ಬಿಟ್ ತಪ್ಪಿದ್ರೂ ಸಾಕು, ಡೇಟಾ ಒತ್ತೊತ್ತಾಗಿ ಒಂದರ ಹಿಂದೆ ಒಂದು ಸೇರ್ಕೊಂಡಿರೋದ್ರಿಂದ ಆ ಜಾಗದಿಂದ ಕೆಳಗೆ ಎಲ್ಲಾ ಲೆಕ್ಕ ತಪ್ಪತ್ತೆ. ಅದಕ್ಕೇ ಮೇಲರ್ಧ ಚೆನ್ನಾಗಿದೆ ಕೆಳಗೆ ಬೂದು. ನನಗೆ ಕೇಳಿದ್ರೆ ಝಡ್‌ಎಫ್‌ಎಸ್ ಮಿರರ್ (ಎರಡು ಡಿಸ್ಕಲ್ಲೂ ಒಂದೇ ಪ್ರತಿ), ಬೇರೆ ಮಾತಿಲ್ಲ.

ಕುಂದಾದ್ರಿ_ಮಳೆ, ತೀರ್ಥಹಳ್ಳಿ

ನಾನು ಫೋಟೋಗ್ರಾಫರ್, ಮದುವೆ ಉಪನಯನದ್ದು ಎಲ್ಲಾ ಸೇರಿ 6 ಟಿಬಿ ಇದೆ, ಐದು ವರ್ಷದಿಂದ ಬಿಟಿಆರ್‌ಎಫ್‌ಎಸ್ ರೇಡ್ 1ರಲ್ಲಿದೆ. ಅದೂ ಡೇಟಾಕ್ಕೆ ಚೆಕ್‌ಸಮ್ ಇಡತ್ತೆ, ಸ್ಕ್ರಬ್ ಇದೆ, ಆ ಕ್ಷಣದ ಸ್ಥಿತಿ ಹಿಡಿದಿಡೋ ಸ್ನ್ಯಾಪ್‌ಶಾಟ್ ಇದೆ, ಕರ್ನಲ್ (ಲಿನಕ್ಸಿನ ತಿರುಳು) ಒಳಗೇ ಬರತ್ತೆ. ನನ್ನ ಹತ್ರ 4, 4, 8 ಟಿಬಿ ಹೀಗೆ ಬೇರೆ ಬೇರೆ ಸೈಜಿನ ಡಿಸ್ಕ್ ಇದಾವೆ, ಬಿಟಿಆರ್‌ಎಫ್‌ಎಸ್ ಪ್ರತಿ ತುಣುಕಿನ ಎರಡು ಪ್ರತೀನ ಯಾವುದಾದ್ರೂ ಎರಡು ಡಿಸ್ಕಿನಲ್ಲಿ ಇಟ್ರೆ ಸಾಕು ಅಂತ ನೋಡತ್ತೆ, ಹಾಗಾಗಿ 8 ಟಿಬಿ ಪೂರ್ತಿ ಸಿಕ್ಕಿದೆ. ದುಡ್ಡು ಕೂಡಿಬಂದಾಗ ಒಂದೊಂದೇ ಡಿಸ್ಕ್ ತಗೊಳ್ಳೋ ನಮ್ಮಂಥವರಿಗೆ ಇದು ದೊಡ್ಡ ಉಪಕಾರ.

ಆದ್ರೆ ಎರಡು ವಿಷಯ ಮೊದಲೇ ತಿಳ್ಕೊಂಡಿರಿ. ರೇಡ್ 5, 6 ಬಿಟಿಆರ್‌ಎಫ್‌ಎಸ್‌ನಲ್ಲಿ ಹಾಕ್ಲೇಬೇಡಿ, ಬರೀತಾ ಇರುವಾಗ ಕರೆಂಟ್ ಹೋದ್ರೆ ಡೇಟಾ ಮತ್ತೆ ಪ್ಯಾರಿಟಿ (ಕಳೆದಿದ್ದನ್ನ ಮತ್ತೆ ಕಟ್ಟೋಕೆ ಇಡೋ ಲೆಕ್ಕ) ತಾಳೆ ಆಗದೇ ಉಳಿಯೋ ತೊಂದರೆ ಇದೆ, ಅವರ ದಾಖಲೆಯಲ್ಲೇ ಬೇಡ ಅಂತ ಬರೆದಿದ್ದಾರೆ. ಸಿನಾಲಜಿ ಕಂಪನಿಯ ನ್ಯಾಸ್ ಬಾಕ್ಸ್‌ಗಳು ಬಿಟಿಆರ್‌ಎಫ್‌ಎಸ್ ಕೊಟ್ರೂ ರೇಡ್ ಕೆಲಸಾನ ಕೆಳಗೆ ಎಂಡಿ ಹತ್ರ ಮಾಡಿಸೋದು ಸುಮ್ನೆ ಅಲ್ಲ. ಎರಡನೇದು, ಎರಡೇ ಡಿಸ್ಕ್ ಇದ್ದು ಒಂದು ಸತ್ತ ಮೇಲೆ ರೀಬೂಟ್ ಆದ್ರೆ ತಾನಾಗೇ ಮೌಂಟ್ ಆಗಲ್ಲ, ಅಂದ್ರೆ ತೆರೆಯಲ್ಲ, ಡಿಗ್ರೇಡೆಡ್ ಅಂತ ಆಪ್ಷನ್ ನೀವೇ ಕೊಡ್ಬೇಕು. ಹೋದ ಮಳೆಗಾಲ ರಾತ್ರಿ ಹನ್ನೊಂದಕ್ಕೆ ನನಗೆ ಹಾಗಾಯ್ತು, ಫೋಲ್ಡರ್ ಎಲ್ಲಾ ಖಾಲಿ ತೋರಿಸ್ತು, ಕೈಕಾಲು ತಣ್ಣಗಾಯ್ತು. ಡೇಟಾ ಎಲ್ಲಾ ಇತ್ತು, ಆದ್ರೆ ಆ ಅರ್ಧ ಗಂಟೆ ಮರೆಯೋಕೆ ಆಗಲ್ಲ.

ತುಂಗಾ_ಸೇತುವೆ

ಅಕ್ಕ ಹೇಳಿದ್ದು ಸರಿ. ಝಡ್‌ಎಫ್‌ಎಸ್ ಮಿರರ್ ಆದ್ರೆ ಒಂದು ಡಿಸ್ಕ್ ಹೋದ್ರೂ ಡಿಗ್ರೇಡೆಡ್ ಅಂತ ಹೇಳ್ಕೊಂಡೇ ಬೂಟ್ ಆಗತ್ತೆ. ಊರಲ್ಲಿ ಅಪ್ಪ ಅಮ್ಮ ಮಾತ್ರ ಇರೋ ಮನೇಲಿ ಇದು ಮುಖ್ಯ ಅಂತ ನನ್ನ ಅಭಿಪ್ರಾಯ.

ಹಳೇ_ಹೆಂಚು

ನಾನೂ ಒಂದು ಮಾತು ಕೇಳ್ತೀನಿ. ಝಡ್‌ಎಫ್‌ಎಸ್ ಕರ್ನಲ್ ಒಳಗಿಲ್ಲ. ಸನ್ ಕಂಪನಿ ಅದನ್ನ ಸಿಡಿಡಿಎಲ್ ಲೈಸೆನ್ಸಿನಲ್ಲಿ ಬಿಟ್ಟಿದ್ದು, ಲಿನಕ್ಸ್ ಇರೋದು ಜಿಪಿಎಲ್‌ನಲ್ಲಿ, ಎರಡೂ ಕೂಡಲ್ಲ. ಆಮೇಲೆ 2010ರಲ್ಲಿ ಸನ್ ಅನ್ನೇ ಒರಾಕಲ್ ತಗೊಂಡ್ತು. ಡೆಬಿಯನ್‌ನಲ್ಲಿ ಕರ್ನಲ್ ಅಪ್‌ಡೇಟ್ ಆದಾಗೆಲ್ಲಾ ಆ ಮಾಡ್ಯೂಲ್ ಮತ್ತೆ ಕಟ್ಬೇಕು, ಕಟ್ಲಿಲ್ಲ ಅಂದ್ರೆ ಬೆಳಿಗ್ಗೆ ಪೂಲ್ (ಡಿಸ್ಕುಗಳ ಗುಂಪು) ಕಾಣಲ್ಲ. ಜೊತೆಗೆ ರ‍್ಯಾಮ್ ಬೇಕು, ಅದೂ ತಪ್ಪು ತಾನೇ ತಿದ್ಕೊಳ್ಳೋ ಇಸಿಸಿ ರ‍್ಯಾಮ್ ಬೇಕು ಅಂತಾರೆ. ಇವರ ಹತ್ರ ಇರೋದು 8 ಜಿಬಿ ಮಾಮೂಲಿದು.

ತುಂಗಾ_ಸೇತುವೆ

ಲೈಸೆನ್ಸ್ ವಿಷಯ ನಿಜ ಸರ್. ಆದ್ರೆ ಉಬುಂಟು 16.04ರಿಂದಾನೇ ಅದನ್ನ ಕರ್ನಲ್ ಜೊತೆ ಕಟ್ಟಿ ಕೊಡ್ತಾ ಇದಾರೆ, ಅಲ್ಲಿ ಈ ತಾಪತ್ರಯ ಇಲ್ಲ. ಈಗ ಕೆಲಸ ನಡೀತಿರೋದು 2013ರಲ್ಲಿ ಶುರುವಾದ ಓಪನ್‌ಝಡ್‌ಎಫ್‌ಎಸ್‌ನಲ್ಲಿ, ಒರಾಕಲ್ ಕೈಲಿ ಇಲ್ಲ. 8 ಜಿಬಿ ಎರಡು ಡಿಸ್ಕಿನ ಮಿರರಿಗೆ ಧಾರಾಳ. ಕ್ಯಾಶಿಗೆ ಜಾಸ್ತಿ ರ‍್ಯಾಮ್ ಹಿಡೀತು ಅಂತ ಕಂಡ್ರೆ 2 ಜಿಬಿ ಸಾಕು ಅಂತ ಮಿತಿ ಹಾಕ್ಬಹುದು. ಡೀಡುಪ್ಲಿಕೇಷನ್ (ಒಂದೇ ಥರದ ಡೇಟಾನ ಒಂದೇ ಸಲ ಇಡೋದು) ಒಂದನ್ನ ಮಾತ್ರ ಆನ್ ಮಾಡ್ಬೇಡಿ, ರ‍್ಯಾಮ್ ತಿನ್ನೋದು ಅದು.

ಇಸಿಸಿ ಬಗ್ಗೆ ಝಡ್‌ಎಫ್‌ಎಸ್ ಕಟ್ಟಿದವರಲ್ಲಿ ಒಬ್ರಾದ ಮ್ಯಾಥ್ಯೂ ಅಹ್ರೆನ್ಸ್ ಅವರೇ ಹೇಳಿದಾರೆ, ಬೇರೆ ಫೈಲ್‌ಸಿಸ್ಟಮ್‌ಗಿಂತ ಝಡ್‌ಎಫ್‌ಎಸ್‌ಗೆ ಇಸಿಸಿ ಹೆಚ್ಚು ಬೇಕು ಅನ್ನೋ ವಿಶೇಷ ಏನೂ ಇಲ್ಲ ಅಂತ. ಇದ್ರೆ ಎಲ್ಲದಕ್ಕೂ ಒಳ್ಳೇದು.

ಬೆಟ್ಟೆ_ರಾಶಿ, ಹೊಸನಗರ

ಎಲ್ರೂ ಫೈಲ್‌ಸಿಸ್ಟಮ್ ಹೇಳ್ತಾ ಇದೀರಿ, ಫೈಲ್ ಕೆಟ್ಟಿದ್ದು ಯಾಕೆ ಅಂತ ಯಾರೂ ಕೇಳ್ಲಿಲ್ಲವಲ್ಲ ಮಾರಾಯ್ರೆ.

ಡಿಸ್ಕಿನ ಸೆಕ್ಟರ್ ಕೆಟ್ರೆ ಸಾಮಾನ್ಯವಾಗಿ ಡಿಸ್ಕೇ ಓದೋಕಾಗ್ಲಿಲ್ಲ ಅಂತ ಎರರ್ ಕೊಡತ್ತೆ, ಯಾಕಂದ್ರೆ ಡಿಸ್ಕ್ ಒಳಗೆ ಪ್ರತಿ ಸೆಕ್ಟರಿಗೂ ತಪ್ಪು ತಿದ್ದೋ ಕೋಡ್ ಇರತ್ತೆ. ಕರೆಂಟ್ ಹೋಗಿದ್ದು ಅಂದ್ರೆ ಆಗ ಬರೀತಿದ್ದ ಫೈಲ್ ಹೋಗ್ಬಹುದು, ಸೈಜ್ ಸೊನ್ನೆ ಆಗ್ಬಹುದು. ಇವರದ್ದು ಸೈಜ್ ಸರಿ ಇದೆ, ಎರರ್ ಇಲ್ಲ, ಎರಡು ಡಿಸ್ಕಲ್ಲೂ ಒಂದೇ ಥರ ಕೆಟ್ಟಿದೆ. ಅಂದ್ರೆ 2021ರಲ್ಲಿ ಕಾಪಿ ಮಾಡುವಾಗಲೇ ಕೆಟ್ಟು ಹೋಗಿ, ಕೆಟ್ಟಿದ್ದನ್ನೇ ಬ್ಯಾಕಪ್ ಮಾಡಿದೀರಿ. ಕಾಪಿ ಮಾಡಿದ ಕಂಪ್ಯೂಟರ್ ಯಾವುದು? ಈಗ ನ್ಯಾಸ್ ಮಾಡ್ತೀನಿ ಅಂತಿರೋ ಅದೇ ಡೆಸ್ಕ್‌ಟಾಪಾ? ಹೌದು ಅಂದ್ರೆ ಇವತ್ತು ರಾತ್ರಿ ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್ ಹಾಕಿ ಮಲ್ಕೊಳ್ಳಿ. ಅದಾಗೋವರೆಗೆ ಯಾವ ಫೈಲ್‌ಸಿಸ್ಟಮ್ಮೂ ಬೇಡ. ರ‍್ಯಾಮ್‌ನಲ್ಲೇ ಬಿಟ್ ಬದಲಾಗಿದ್ರೆ ಝಡ್‌ಎಫ್‌ಎಸ್ ಪಾಪ ಕೆಟ್ಟ ಡೇಟಾಕ್ಕೇ ಚೆಕ್‌ಸಮ್ ಲೆಕ್ಕ ಹಾಕಿ ಸರಿ ಇದೆ ಅಂತ ಬರೆದಿಡತ್ತೆ.

ಹಿನ್ನೀರು_ದಡ

ಅದೇ ಡೆಸ್ಕ್‌ಟಾಪ್. ದಿನಾ ಬಳಸ್ತೀವಿ, ಒಂದಿನ ಹ್ಯಾಂಗ್ ಆಗಿಲ್ಲ. ಆದ್ರೂ ಹಾಕಿ ನೋಡ್ತೀನಿ.

ಹಿನ್ನೀರು_ದಡ

ಬೆಳಿಗ್ಗೆ ಎದ್ದು ನೋಡಿದ್ರೆ ಸ್ಕ್ರೀನ್ ತುಂಬ ಕೆಂಪು ಸಾಲು. ಎಲ್ಲಾ ಸಾಲಲ್ಲೂ ಒಂದೇ ವಿಳಾಸ, 7 ಜಿಬಿ ದಾಟಿದ ಮೇಲೆ ಒಂದು ಜಾಗ, ಒಂದೇ ಬಿಟ್. ಎರಡು ಸ್ಟಿಕ್ ಇತ್ತು, ಒಂದೊಂದೇ ತೆಗೆದು ಮತ್ತೆ ಹಾಕಿದೆ, ಎರಡನೇದರಲ್ಲಿ ಮಾತ್ರ ಎರರ್. ಬೆಟ್ಟೆ ರಾಶಿಯವರೇ, ಏನಂತ ಹೇಳ್ಲಿ. ಆದ್ರೆ ಇಷ್ಟು ವರ್ಷ ಒಂದು ಸಲಾನೂ ತೊಂದರೆ ಕೊಡದೇ ಇದ್ದಿದ್ದು ಹೇಗೆ?

ಬೆಟ್ಟೆ_ರಾಶಿ

ದಿನಾ ಬ್ರೌಸರ್, ಟೈಪಿಂಗ್ ಇಷ್ಟಕ್ಕೆ 3-4 ಜಿಬಿ ಮೇಲೆ ಹೋಗಲ್ಲ, ಆ ಜಾಗಕ್ಕೆ ಮುಖ್ಯವಾದ್ದೇನೂ ಬೀಳದೇ ಇದ್ದಿರ್ಬಹುದು. ಟಿಬಿಗಟ್ಟಲೆ ಕಾಪಿ ಹಾಕಿದಾಗ ಲಿನಕ್ಸ್ ಓದಿದ್ದನ್ನೆಲ್ಲಾ ಪೇಜ್ ಕ್ಯಾಶ್‌ನಲ್ಲಿ ಇಡ್ತಾ ಹೋಗಿ ಪೂರ್ತಿ ರ‍್ಯಾಮ್ ತುಂಬತ್ತೆ. ಆಗ ಆ ಜಾಗದ ಮೇಲೆ ಹಾದುಹೋದ ಫೈಲುಗಳಿಗೆ ಪೆಟ್ಟು ಬಿದ್ದಿದೆ. ಒಂದೇ ಬಿಟ್ ಆಗಿರೋದ್ರಿಂದ ಎಲ್ಲಾ ಫೈಲೂ ಹೋಗಿರಲ್ಲ, ಧೈರ್ಯವಾಗಿರಿ. ವಿಡಿಯೋ ಆಡಿಯೋದಲ್ಲಿ ಆಗಿದ್ರೆ ಒಂದು ಕ್ಷಣ ಚುಕ್ಕಿ ಬಂದು ಹೋಗತ್ತೆ ಅಷ್ಟೆ. ಜೆಪೆಗ್ ಎಲ್ಲಾ ತೆರೆದು ಪೂರ್ತಿ ಡಿಕೋಡ್ ಆಗತ್ತಾ ಅಂತ ನೋಡೋ ಸಣ್ಣ ಟೂಲ್ ಸಿಗತ್ತೆ, ಇಡೀ ಫೋಲ್ಡರ್ ಮೇಲೆ ಓಡಿಸಿ, ಕೆಟ್ಟಿದ್ದರ ಪಟ್ಟಿ ಬರತ್ತೆ.

ಕುಂದಾದ್ರಿ_ಮಳೆ

2016ರಲ್ಲಿ ಸ್ಕ್ಯಾನ್ ಮಾಡ್ಸಿದಾಗ ಸ್ಟುಡಿಯೋದವರು ಡಿವಿಡಿ ಕೊಟ್ಟಿರ್ಬೇಕಲ್ಲ? ಆಗೆಲ್ಲಾ ನಾವು ಡಿವಿಡಿಯಲ್ಲೇ ಕೊಡ್ತಿದ್ವಿ. ನೆಂಟರ ಮನೇಲಿ ಕೇಳಿ, ಯಾರದ್ದಾದ್ರೂ ಬೀರುವಿನಲ್ಲಿ ಇರತ್ತೆ. ಸಿಕ್ರೆ ಒರೆಸುವಾಗ ವೃತ್ತಾಕಾರವಾಗಿ ಒರೆಸ್ಬೇಡಿ, ನಡುವಿನಿಂದ ಅಂಚಿಗೆ ಒರೆಸಿ. ಬೂಷ್ಟು ಹಿಡಿದಿದ್ರೆ ಮೆತ್ತಗಿನ ಹತ್ತಿ ಬಟ್ಟೆ ಸ್ವಲ್ಪ ನೀರಲ್ಲಿ ಅದ್ದಿ.

ಹಳೇ_ಹೆಂಚು

ನಾನು ಮೊದಲು ಹೇಳಿದ್ದನ್ನ ತಿದ್ಕೊತೀನಿ. ಇಎಕ್ಸ್‌ಟಿ4 ಮೇಲೆ ನನಗಿರೋ ನಂಬಿಕೆ ಹೋಗಿಲ್ಲ, ಆದ್ರೆ ಇದನ್ನ ಅದು ಹಿಡೀತಿರ್ಲಿಲ್ಲ. ಚೆಕ್‌ಸಮ್ ಇರೋ ಫೈಲ್‌ಸಿಸ್ಟಮ್‌ನಲ್ಲಿ ಇಂಥ ರ‍್ಯಾಮ್ ಇದ್ರೆ ಬಹುಶಃ ಬೇಗನೇ ಸ್ಕ್ರಬ್‌ನಲ್ಲಿ ಎರರ್ ಬರೋಕೆ ಶುರುವಾಗಿ ಏನೋ ಸರಿ ಇಲ್ಲ ಅಂತಾದ್ರೂ ಗೊತ್ತಾಗ್ತಿತ್ತು, ನಾಲ್ಕು ವರ್ಷ ಕಾಯ್ಬೇಕಾಗ್ತಿರ್ಲಿಲ್ಲ. ಇಎಕ್ಸ್‌ಟಿ4 ಬಿಡೋಕೆ ಮನಸ್ಸಿಲ್ಲದವರು ಸ್ನ್ಯಾಪ್‌ರೇಡ್ ನೋಡ್ಬಹುದು, ಮೇಲಿಂದ ಚೆಕ್‌ಸಮ್ ಪ್ಯಾರಿಟಿ ಎರಡೂ ಇಡತ್ತೆ, ಹಳೇ ಫೋಟೋ ಥರ ಬದಲಾಗದ ಫೈಲಿಗೆ ಸರಿಹೋಗತ್ತೆ. ನಾನು ನಮ್ಮನೇದಕ್ಕೆ ಈ ವಾರ ಅದನ್ನೇ ಹಾಕ್ತೀನಿ.

ತುಂಗಾ_ಸೇತುವೆ

ಡಿಸ್ಕ್ ತಗೊಳ್ಳೋಕೆ ಮುಂಚೆ ಒಂದು. ಎಸ್‌ಎಂಆರ್ ಡಿಸ್ಕ್ ತಗೋಬೇಡಿ, ಸಿಎಂಆರ್ ಅಂತ ಬರೆದಿರೋದನ್ನೇ ಕೇಳಿ ತಗೊಳ್ಳಿ. ಎಸ್‌ಎಂಆರ್‌ನಲ್ಲಿ ಟ್ರ್ಯಾಕುಗಳನ್ನ ನಮ್ಮ ಮನೆ ಮಾಡಿಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅಂಚು ಹತ್ತಿಸಿ ಬರೀತಾರೆ, ಸಿಎಂಆರ್‌ನಲ್ಲಿ ಹಾಗಿಲ್ಲ. ನಡುವಿನ ಒಂದು ಹೆಂಚು ಬದಲಾಯಿಸ್ಬೇಕು ಅಂದ್ರೆ ಮೇಲಿನ ಸಾಲೆಲ್ಲಾ ಎತ್ತಬೇಕಲ್ಲ, ಹಾಗೇ ಇಲ್ಲೂ ಒಂದು ಕಡೆ ತಿದ್ದೋಕೆ ಪಕ್ಕದ್ದೆಲ್ಲಾ ಮತ್ತೆ ಬರೀಬೇಕು. ಡಿಸ್ಕ್ ಬದಲಾಯಿಸಿ ಮಿರರ್ ಮತ್ತೆ ತುಂಬಿಸುವಾಗ ಗಂಟೆಗಳ ಕೆಲಸ ದಿನಗಟ್ಟಲೆ ಎಳೆಯತ್ತೆ, ಕೆಲವು ಸಲ ಡಿಸ್ಕ್ ಉತ್ತರಾನೇ ಕೊಡ್ತಿಲ್ಲ ಅಂತ ಪೂಲಿನಿಂದ ಹೊರಗೆ ಹಾಕ್ಬಿಡತ್ತೆ. 2020ರಲ್ಲಿ ನ್ಯಾಸ್‌ಗೆ ಅಂತಾನೇ ಮಾರ್ತಿದ್ದ ಕೆಲವು ಡಿಸ್ಕ್ ಒಳಗೆ ಎಸ್‌ಎಂಆರ್ ಇದ್ದಿದ್ದು ಹೊರಗೆ ಬಂದು ದೊಡ್ಡ ಗಲಾಟೆ ಆಗಿತ್ತು, ಹಾಗಾಗಿ ಡಬ್ಬದ ಮೇಲಿನ ಹೆಸರು ನೋಡಿ ಮೋಸ ಹೋಗ್ಬೇಡಿ, ಮಾಡೆಲ್ ನಂಬರ್ ಹಾಕಿ ಹುಡುಕಿ.

ಇನ್ನೊಂದು, 4 ಟಿಬಿ ಅಂತ ತಂದ ಡಿಸ್ಕ್ ಸಿಸ್ಟಮ್‌ನಲ್ಲಿ 3.64 ಅಂತ ತೋರಿಸತ್ತೆ, ಗಾಬರಿ ಆಗ್ಬೇಡಿ, ಅವರು ಸಾವಿರದಲ್ಲಿ ಲೆಕ್ಕ ಹಾಕ್ತಾರೆ, ಸಿಸ್ಟಮ್ 1024ರಲ್ಲಿ ಹಾಕತ್ತೆ.

ಬೆಟ್ಟೆ_ರಾಶಿ

ಕರೆಂಟಿನ ಬಗ್ಗೆ. ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎರಡೂ ಹಳೇದರ ಮೇಲೆ ಬರೆಯಲ್ಲ, ಹೊಸ ಜಾಗದಲ್ಲಿ ಬರೆದು ಕೊನೇಗೆ ಈಗಿನದು ಎಲ್ಲಿದೆ ಅಂತ ತೋರಿಸೋ ಗುರುತು ಮಾತ್ರ ಬದಲಾಯಿಸತ್ತೆ. ಹಾಗಾಗಿ ನಡುವೆ ಕರೆಂಟ್ ಹೋದ್ರೆ ಹಳೇ ಸ್ಥಿತಿ ಹಾಗೇ ಇರತ್ತೆ, ಕೊನೇ ಕೆಲವು ಸೆಕೆಂಡಿನದ್ದು ಹೋಗ್ಬಹುದು. ಆದ್ರೆ ಡಿಸ್ಕಿನ ಮೋಟಾರಿಗೆ, ಪವರ್ ಸಪ್ಲೈಗೆ ದಿನಕ್ಕೆ ಹತ್ತು ಸಲ ಆಫ್ ಆನ್ ಒಳ್ಳೇದಲ್ಲ. ಮನೆ ಇನ್ವರ್ಟರ್ ಹಿಂದುಗಡೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ರೆ ಅದಕ್ಕೆ ಹಾಕಿ, ಇಲ್ಲಾಂದ್ರೆ ಬದಲಾಗೋ ಆ ಒಂದು ಕ್ಷಣದಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗತ್ತೆ. ಆದ್ರೆ ಯುಎಸ್‌ಬಿ ತಂತಿ ಇರೋ ಸಣ್ಣ ಯುಪಿಎಸ್ ಒಂದು ಬೇರೆ ತಗೊಳ್ಳಿ, ಬ್ಯಾಟರಿ ಮುಗಿಯೋ ಮುಂಚೆ ನ್ಯಾಸ್ ತಾನೇ ಶಟ್‌ಡೌನ್ ಆಗೋ ಹಾಗೆ ಮಾಡ್ಬಹುದು.

ಏಪ್ರಿಲ್ ಮೇ ಗುಡುಗಿಗೆ ಇದ್ಯಾವುದೂ ಸಾಲಲ್ಲ. ಪ್ಲಗ್ ಕೀಳಿ, ನೆಟ್‌ವರ್ಕ್ ತಂತಿನೂ ಕೀಳಿ. ನಮ್ಮನೇಲಿ ಎರಡು ವರ್ಷದ ಹಿಂದೆ ಪ್ಲಗ್ ಕಿತ್ತಿದ್ವಿ, ತಂತಿ ಬಿಟ್ಟಿದ್ವಿ, ಮಹಡಿಗೆ ಎಳೆದ ತಂತಿಯಿಂದ ಬಂದು ಸ್ವಿಚ್ಚೂ ಮದರ್‌ಬೋರ್ಡೂ ಎರಡೂ ಸುಟ್ಟೋಯ್ತು. ಆಮೇಲೆ ಬಾಕ್ಸನ್ನ ನೆಲದ ಮೇಲೆ, ಗೋಡೆಗೆ ತಾಗಿಸಿ ಇಡ್ಬೇಡಿ. ಜುಲೈನಲ್ಲಿ ಗೋಡೆ ಬೆವರತ್ತೆ, ಬಿಸಿ ಇರೋ ಕಡೆ ಇರುವೆನೂ ಗೂಡು ಕಟ್ಟತ್ತೆ.

ಕುಂದಾದ್ರಿ_ಮಳೆ

ಮತ್ತೆ ಒಂದೇ ಮನೇಲಿ ಎರಡು ಪ್ರತಿ ಇದ್ರೆ ಬ್ಯಾಕಪ್ ಅಲ್ಲ. ಮಿರರ್ ಬ್ಯಾಕಪ್ ಅಲ್ಲ, ಸ್ನ್ಯಾಪ್‌ಶಾಟ್ ಬ್ಯಾಕಪ್ ಅಲ್ಲ. ಯಾರಾದ್ರೂ ಕೈತಪ್ಪಿ ಫೋಲ್ಡರ್ ಅಳಿಸಿದ್ರೆ ಸ್ನ್ಯಾಪ್‌ಶಾಟ್ ಕಾಪಾಡತ್ತೆ, ಸಿಡಿಲಿಗೆ ಅಲ್ಲ. ಮೂರು ಪ್ರತಿ ಇರ್ಲಿ, ಒಂದು ಬೇರೆ ಊರಲ್ಲಿ ಇರ್ಲಿ. ಹಳ್ಳಿ ಇಂಟರ್ನೆಟ್‌ನಲ್ಲಿ 1.3 ಟಿಬಿ ಅಪ್‌ಲೋಡ್ ಮಾಡೋಕೆ ಹೋಗ್ಬೇಡಿ, ಡಿಸ್ಕ್ ಚೀಲದಲ್ಲಿ ಹಾಕ್ಕೊಂಡು ಬಸ್ ಹತ್ತಿ.

ಹಿನ್ನೀರು_ದಡ, ಮೂರು ವಾರದ ನಂತರ

ಎಲ್ರಿಗೂ ತಿಳಿಸ್ಬೇಕು ಅಂತ ಬರೀತಾ ಇದೀನಿ.

ರ‍್ಯಾಮ್ ಎರಡೂ ತೆಗೆದು ಹೊಸದು 8 ಜಿಬಿ ಹಾಕಿದೆ, ಮೆಮ್‌ಟೆಸ್ಟ್ ಎರಡು ರಾತ್ರಿ ಓಡಿಸಿದೆ, ಒಂದೂ ಎರರ್ ಇಲ್ಲ. ಜೆಪೆಗ್ ಪಟ್ಟಿ ತೆಗೆದಾಗ ಪೂರ್ತಿ ಕಲೆಕ್ಷನ್‌ನಲ್ಲಿ 23 ಫೋಟೋ ಕೆಟ್ಟಿತ್ತು, ಅದರಲ್ಲಿ ಮುಳುಗಡೆ ಟ್ರಂಕಿನದ್ದು ನಾಲ್ಕು. ಕುಂದಾದ್ರಿ ಅಕ್ಕ ಹೇಳಿದ ಮೇಲೆ ಎಲ್ಲರ ಮನೆಗೂ ಫೋನ್ ಮಾಡಿದೆ, ಚಿಕ್ಕಮ್ಮನ ಬೀರುವಿನಲ್ಲಿ ಸೀರೆ ಕೆಳಗೆ ಆ ಡಿವಿಡಿ ಸಿಕ್ತು. ಅಂಚಲ್ಲಿ ಬಿಳೀ ಬೂಷ್ಟು ಇತ್ತು, ಹೇಳಿದ ಹಾಗೇ ಒರೆಸಿದೆ. ಮೊದಲ ಡ್ರೈವ್ ಓದ್ಲಿಲ್ಲ, ಪಕ್ಕದ ಮನೆ ಹಳೇ ಲ್ಯಾಪ್‌ಟಾಪ್ ಓದ್ತು. ನಾಲ್ಕರಲ್ಲಿ ಮೂರು ಬಂತು. ಮನೆ ಫೋಟೋ ಬಂತು. ಅಂಗಳದಲ್ಲಿ ಏಳು ಜನ ಇದಾರೆ, ಅಜ್ಜಿ ಕೈಯಲ್ಲಿ ಮಗು ಇದೆ, ಅದು ನಮ್ಮಪ್ಪ ಅಂತ ಅತ್ತೆ ಹೇಳಿದ್ರು. ಹಿಂದೆ ಅಡಿಕೆ ಒಣಗಿಸೋ ಚಪ್ಪರ ಕಾಣತ್ತೆ, ಅದು ನಾನು ಯಾವತ್ತೂ ಗಮನಿಸಿರ್ಲಿಲ್ಲ. ನಾಲ್ಕನೇದರ ಮೂಲ ಪ್ರತಿ ದೊಡ್ಡಪ್ಪನ ಮಗನ ಹತ್ರ ಇದೆ, ಮತ್ತೆ ಸ್ಕ್ಯಾನ್ ಮಾಡಿಸ್ತೀನಿ.

ಝಡ್‌ಎಫ್‌ಎಸ್ ಮಿರರ್ ಹಾಕಿದೆ, ಉಬುಂಟು ಮೇಲೆ. ಬಿಟಿಆರ್‌ಎಫ್‌ಎಸ್ ಬಗ್ಗೆ ತುಂಬಾ ಯೋಚಿಸಿದೆ, ಬೇರೆ ಸೈಜಿನ ಡಿಸ್ಕ್ ಇದ್ದಿದ್ರೆ ಅದನ್ನೇ ಹಾಕ್ತಿದ್ದೆ. ಒಂದು ಡಿಸ್ಕ್ ಸತ್ತಾಗ ಮನೇಲಿ ಅಮ್ಮ ಒಬ್ರೇ ಇದ್ರೂ ಪೂಲ್ ಎದ್ದು ನಿಲ್ಲಬೇಕು ಅನ್ನೋ ಒಂದೇ ಕಾರಣಕ್ಕೆ ಇದು. ಕಂಪ್ರೆಷನ್ ಎಲ್‌ಝಡ್4, ರೆಕಾರ್ಡ್‌ಸೈಜ್ 1 ಎಂಬಿ, ದಿನಕ್ಕೊಂದು ಸ್ನ್ಯಾಪ್‌ಶಾಟ್. ಮೊದಲ ಸ್ಕ್ರಬ್ ನಿನ್ನೆ ರಾತ್ರಿ ಆಯ್ತು, 2 ಗಂಟೆ 41 ನಿಮಿಷ, ಎರರ್ ಸೊನ್ನೆ. ಸ್ಕ್ರಬ್ ಎಷ್ಟು ದಿನಕ್ಕೊಂದು ಸಲ ಮಾಡ್ಲಿ?

ತುಂಗಾ_ಸೇತುವೆ

ತಿಂಗಳಿಗೆ ಒಂದು ಸಾಕು. ಉಬುಂಟುನಲ್ಲಿ ಪ್ಯಾಕೇಜ್ ಹಾಕಿದಾಗಲೇ ತಿಂಗಳ ಎರಡನೇ ಭಾನುವಾರಕ್ಕೆ ಅಂತ ಇಟ್ಟಿರತ್ತೆ. ಎರರ್ ಬಂದ್ರೆ ಫೋನಿಗೆ ಮೆಸೇಜ್ ಬರೋ ಹಾಗೆ ಮಾಡ್ಕೊಳ್ಳಿ, ಇಲ್ಲಾಂದ್ರೆ ಅದು ಹೇಳಿದ್ದು ಯಾರಿಗೂ ಕೇಳಲ್ಲ. ಬೇರೆ ಊರಿನ ಪ್ರತಿ ಏನ್ ಮಾಡಿದ್ರಿ?

ಹಿನ್ನೀರು_ದಡ

ಮೂರನೇ ಡಿಸ್ಕಿಗೆ ಝಡ್‌ಎಫ್‌ಎಸ್ ಸೆಂಡ್ ಮಾಡಿ ಇಟ್ಟಿದೀನಿ, ಮುಂದಿನ ಸಲದಿಂದ ಬದಲಾಗಿದ್ದು ಮಾತ್ರ ಹೋಗತ್ತೆ ಅಲ್ವಾ. ಬುಧವಾರ ಅಡಿಕೆ ತಗೊಂಡು ಶಿವಮೊಗ್ಗ ಮಂಡಿಗೆ ಬರ್ತಾ ಇದೀನಿ, ಡಿಸ್ಕ್ ಗೋಪಾಳದಲ್ಲಿ ತಂಗಿ ಮನೇಲಿ ಇಟ್ಟು ಬರ್ತೀನಿ. ಮೆಸೇಜ್ ಹೋಗೋ ಹಾಗೆ ಮಾಡೋದು ಹೇಗೆ ಅಂತ ಬಿಡುವಾದಾಗ ಬರೆದು ತಿಳಿಸಿ ಸರ್.

ತುಂಗಾ_ಸೇತುವೆ

ಹೌದು, ಹಿಂದಿನ ಸ್ನ್ಯಾಪ್‌ಶಾಟ್ ಎರಡೂ ಕಡೆ ಉಳಿದಿರ್ಬೇಕು ಅಷ್ಟೆ, ಅದನ್ನ ಅಳಿಸ್ಬೇಡಿ. ನಾನೂ ಗೋಪಾಳದ ಹತ್ರಾನೇ ಇರೋದು. ಬುಧವಾರ ಸಂಜೆ ಮಂಡಿ ಕೆಲಸ ಮುಗಿಸ್ಕೊಂಡು ಇಲ್ಲೇ ಒಂದು ಮೆಸೇಜ್ ಹಾಕಿ, ಎದುರಿಗೆ ಕೂತು ಮಾಡೋಣ.